ಆಂಬುಲೆನ್ಸ್ ಕೆಲಸದಲ್ಲಿ ಗಾಯವಾದರೆ ಪರಿಹಾರ ಕೇಳುವುದು ಹೇಗೆ

ಮೂರನೇ ಮಹಡಿ. ಲಿಫ್ಟ್ ಇಲ್ಲ. ರೋಗಿಗೆ ಉಸಿರು ಸಿಗುತ್ತಿರಲಿಲ್ಲ, ಮೈತೂಕವೂ ಜಾಸ್ತಿ. ಮೆಟ್ಟಿಲಿನ ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಿದ್ದೆವು. ತಲೆಯ ಕಡೆ ನಾನು, ಕಾಲಿನ ಕಡೆ ನನ್ನ ಜೊತೆಗಾರ. ಎರಡನೇ ತಿರುವಿನಲ್ಲಿ ಅವನ ಕಾಲು ಜಾರಿತು. ಒಂದು ಕ್ಷಣ ಪೂರ್ತಿ ಭಾರ ನನ್ನ ಮೇಲೆ ಬಂತು. ಸೊಂಟದಲ್ಲಿ ಛಳಕ್ ಎಂದಿತು. ಕುರ್ಚಿ ಬಿಡಲಿಲ್ಲ. ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಿದೆವು. ಆಮೇಲೆ ಕೂತು ರೋಗಿಯ ದಾಖಲೆ ಬರೆದೆ. ಎಷ್ಟು ಗಂಟೆಗೆ ತಲುಪಿದೆವು, ನಾಡಿ ಎಷ್ಟಿತ್ತು, ಆಮ್ಲಜನಕ ಎಷ್ಟು ಕೊಟ್ಟೆವು, ಎಲ್ಲ ನಿಮಿಷದ ಲೆಕ್ಕದಲ್ಲಿ. ನನ್ನ ಸೊಂಟದ ಬಗ್ಗೆ ಒಂದು ಸಾಲೂ ಬರೆಯಲಿಲ್ಲ.

ಮೇಲಿನವರಿಗೆ ಬಾಯಲ್ಲಿ ಹೇಳಿದೆ. "ಸ್ವಲ್ಪ ರೆಸ್ಟ್ ತಗೊಳ್ಳಿ, ಸರಿ ಹೋಗುತ್ತೆ" ಎಂದರು. ನೋವಿನ ಮಾತ್ರೆ ನುಂಗಿಕೊಂಡು ಇನ್ನೂ ಮೂರು ಶಿಫ್ಟ್ ಮಾಡಿದೆ. ಐದನೇ ದಿನ ಮಂಚದಿಂದ ಏಳಲಾಗಲಿಲ್ಲ. ಡಾಕ್ಟರು ಎಷ್ಟು ದಿನದಿಂದ ನೋವು ಎಂದು ಕೇಳಿದರು. "ಮೊದಲಿಂದಲೂ ಸಣ್ಣಗೆ ಇತ್ತು, ಈಗ ಜಾಸ್ತಿ ಆಗಿದೆ" ಎಂದೆ. ಅವರು ಅದನ್ನೇ ಬರೆದುಕೊಂಡರು. ಮೆಟ್ಟಿಲಿನ ವಿಷಯ ಅವರು ಕೇಳಲಿಲ್ಲ, ನಾನೂ ಎತ್ತಲಿಲ್ಲ. ಏಳು ತಿಂಗಳಾದ ಮೇಲೆ ನನ್ನ ಅರ್ಜಿ ತಿರಸ್ಕಾರವಾಯಿತು. ಕಾರಣ ಆ ಒಂದು ಸಾಲು. ನೋವು ಹಳೆಯದು, ಕೆಲಸದಿಂದ ಬಂದದ್ದಲ್ಲ ಎಂದು ಬರೆದಿದ್ದರು.

ಮೇಲ್ಮನವಿಯಲ್ಲಿ ಅದು ತಿರುಗಿತು. ಆದರೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷದಲ್ಲಿ ನಾನು ಕಲಿತದ್ದು, ಆಮೇಲೆ ಜೊತೆ ಕೆಲಸದವರ ಹತ್ತಾರು ಅರ್ಜಿಗಳನ್ನು ಕೂತು ಬರೆಸುವಾಗ ಕಲಿತದ್ದು, ಎಲ್ಲ ಇಲ್ಲಿ ಹೇಳುತ್ತಿದ್ದೇನೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಆದರೆ ಅರ್ಜಿ ಬೀಳುವ ಜಾಗ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಗಾಯವಾದ ಮೊದಲ ಮೂರು ದಿನ ಏನು ಬರೆದಿರಿ, ಏನು ಬರೆಯಲಿಲ್ಲ ಎನ್ನುವುದರಲ್ಲೇ ಅದು ಉಳಿಯುತ್ತದೆ ಅಥವಾ ಬೀಳುತ್ತದೆ.

ಶಿಫ್ಟ್ ಮುಗಿಯುವ ಮೊದಲೇ ಬರೆಯಿರಿ

ಬಾಯಲ್ಲಿ ಹೇಳಿದ್ದು ಹೇಳಿದಂತಲ್ಲ. ಕೆಲಸದ ಜಾಗದಲ್ಲಿ ಅಪಘಾತದ ರಿಜಿಸ್ಟರ್ ಇದ್ದರೆ ಅದರಲ್ಲಿ ಬರೆಯಿರಿ. ಇಲ್ಲದಿದ್ದರೆ ಮೇಲಧಿಕಾರಿಗೆ ಇಮೇಲ್ ಕಳಿಸಿ. ಅದೂ ಆಗದಿದ್ದರೆ ಒಂದು ಮೆಸೇಜ್ ಆದರೂ ಸಾಕು, ದಿನಾಂಕ ಮತ್ತು ಸಮಯ ತಾನಾಗಿ ಉಳಿಯುತ್ತದೆ. ನೋವು ಸಣ್ಣದು, ಯಾಕೆ ಸುಮ್ನೆ ದೊಡ್ಡದು ಮಾಡೋದು ಎಂದು ಅನಿಸುತ್ತದೆ. ಹಾಗೆ ಅನಿಸಿದಾಗಲೂ ಬರೆಯಿರಿ. ಬೆನ್ನು, ಭುಜ, ಮಂಡಿ ಮೂರೂ ಮೊದಲ ದಿನ ಪೂರ್ತಿ ನೋಯುವುದಿಲ್ಲ. ಎರಡನೇ, ಮೂರನೇ ದಿನ ಬಿಗಿಯುತ್ತವೆ. ಇದು ನಮಗೆ ರೋಗಿಗಳಲ್ಲಿ ಗೊತ್ತಿರುವ ವಿಷಯವೇ ಅಲ್ವಾ?

ಹೇಗೆ ಬರೆಯಬೇಕು ಎನ್ನುವುದು ಮುಖ್ಯ. "ಕೆಲಸದಲ್ಲಿ ಬೆನ್ನು ನೋವಾಯಿತು" ಎಂದರೆ ಓದುವವರಿಗೆ ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: "ರಾತ್ರಿ 2 ಗಂಟೆ 40 ನಿಮಿಷಕ್ಕೆ, ಇಂಥ ನಂಬರಿನ ಕರೆಯಲ್ಲಿ, ಮೂರನೇ ಮಹಡಿಯಿಂದ ಮೆಟ್ಟಿಲಿನ ಕುರ್ಚಿಯಲ್ಲಿ ರೋಗಿಯನ್ನು ಇಳಿಸುತ್ತಿದ್ದೆವು. ನಾನು ತಲೆಯ ಕಡೆ ಇದ್ದೆ. ಕೆಳಗಿದ್ದ ಜೊತೆಗಾರನ ಕಾಲು ಒದ್ದೆ ಮೆಟ್ಟಿಲಿನ ಮೇಲೆ ಜಾರಿತು. ಭಾರ ನನ್ನ ಮೇಲೆ ಬಂದು ಸೊಂಟದ ಎಡಭಾಗದಲ್ಲಿ ತಟ್ಟನೆ ನೋವು ಶುರುವಾಯಿತು. ನೋವು ಎಡಗಾಲಿಗೂ ಇಳಿಯುತ್ತಿದೆ." ಸಮಯ, ಜಾಗ, ಏನು ಮಾಡುತ್ತಿದ್ದಿರಿ, ಏನು ತಪ್ಪಿತು, ದೇಹದ ಯಾವ ಭಾಗ. ರೋಗಿಯ ದಾಖಲೆ ಬರೆಯುವ ಕೈಯಿಂದಲೇ ಇದನ್ನೂ ಬರೆಯಿರಿ. ನಿಮಗಿಂತ ಚೆನ್ನಾಗಿ ಇದನ್ನು ಬರೆಯಬಲ್ಲವರು ಇನ್ನೊಬ್ಬರಿಲ್ಲ.

ನೋವಾದ ಎಲ್ಲ ಭಾಗಗಳನ್ನೂ ಹೆಸರಿಸಿ. ಬಿದ್ದಾಗ ಸೊಂಟದ ಜೊತೆ ಮಣಿಕಟ್ಟೂ ಉಳುಕಿತ್ತು, ಸೊಂಟದ ಗಲಾಟೆಯಲ್ಲಿ ಅದನ್ನು ಬಿಟ್ಟಿರಿ ಎಂದುಕೊಳ್ಳಿ. ಎರಡು ತಿಂಗಳ ಮೇಲೆ ಮಣಿಕಟ್ಟಿನ ಮೂಳೆ ಸೀಳಿದೆ ಎಂದು ಗೊತ್ತಾದರೆ, ಅದು ಅದೇ ದಿನದ್ದು ಎಂದು ತೋರಿಸುವುದು ಬಹಳ ಕಷ್ಟ.

ರೋಗಿಯ ಹೆಸರು ಮಾತ್ರ ಬರೆಯಬೇಡಿ, ಅವರ ಫೋಟೋ ತೆಗೆಯಬೇಡಿ. ಕರೆಯ ನಂಬರ್ ಸಾಕು. ಆ ನಂಬರಿಗೆ ಕಂಟ್ರೋಲ್ ರೂಮಿನಲ್ಲಿ ಎಲ್ಲ ಸಮಯವೂ ದಾಖಲಾಗಿರುತ್ತದೆ: ಕರೆ ಬಂದದ್ದು, ಗಾಡಿ ಹೊರಟದ್ದು, ಸ್ಥಳಕ್ಕೆ ತಲುಪಿದ್ದು, ಆಸ್ಪತ್ರೆ ಮುಟ್ಟಿದ್ದು. ನಮ್ಮ ಕೆಲಸದಲ್ಲಿ ಒಂದು ಅನುಕೂಲ ಇದು. ಬೇರೆ ಕೆಲಸದವರು ತಾವು ಆ ಹೊತ್ತಿಗೆ ಆ ಜಾಗದಲ್ಲಿ ಇದ್ದೆವು ಎಂದು ತೋರಿಸಲು ಒದ್ದಾಡುತ್ತಾರೆ. ನಮ್ಮದು ಸೆಕೆಂಡಿನ ಲೆಕ್ಕದಲ್ಲಿ ಇರುತ್ತದೆ. ಆದರೆ ಗಾಡಿಯ ಕ್ಯಾಮೆರಾ ದೃಶ್ಯ ಹೆಚ್ಚು ದಿನ ಉಳಿಯುವುದಿಲ್ಲ, ಹಳೆಯದರ ಮೇಲೆ ಹೊಸದು ಬರುತ್ತದೆ. ಅದನ್ನು ಅಳಿಸದೆ ಇಡಿ ಎಂದು ಮೊದಲ ವಾರದಲ್ಲೇ ಬರೆದು ಕೇಳಿ.

ಸಲಕರಣೆ ಕೈಕೊಟ್ಟಿದ್ದರೆ, ಸ್ಟ್ರೆಚರಿನ ಕಾಲು ಲಾಕ್ ಆಗದಿದ್ದರೆ, ಗಾಡಿಯ ಮೆಟ್ಟಿಲು ಅಲ್ಲಾಡುತ್ತಿದ್ದರೆ, ಅದರ ಫೋಟೋ ತೆಗೆದುಕೊಳ್ಳಿ. ಅದರ ಸೀರಿಯಲ್ ನಂಬರ್ ಬರೆದುಕೊಳ್ಳಿ. ರಿಪೇರಿಗೆ ಹೋಗಿ ಬಂದ ಮೇಲೆ ಅದು ಹಾಳಾಗಿತ್ತು ಎಂದರೆ ಯಾರೂ ನಂಬುವುದಿಲ್ಲ. ಮೊದಲೇ ಯಾರಾದರೂ ಆ ಬಗ್ಗೆ ದೂರು ಬರೆದಿದ್ದರೆ ಆ ದೂರು ಬಂಗಾರ. ಶಿಫ್ಟ್ ಶುರುವಿನಲ್ಲಿ ಗಾಡಿ ಪರೀಕ್ಷಿಸುವಾಗ "ಲಾಕ್ ಸಡಿಲ" ಎಂದು ಬರೆಯುವ ಅಭ್ಯಾಸ ಇರಲಿ ಎಂದು ನಾನು ಹೊಸಬರಿಗೆ ಹೇಳುವುದು ಇದಕ್ಕೇ.

ಜೊತೆಗಾರ ಕಂಡದ್ದನ್ನು ಅವನ ಮಾತಿನಲ್ಲೇ, ಅದೇ ವಾರ ಬರೆಸಿಕೊಳ್ಳಿ. ಅವನಿಗೆ ಕೆಲಸದ ಭಯ ಇರಬಹುದು. ಒತ್ತಾಯ ಮಾಡಬೇಡಿ. ಯಾರ ತಪ್ಪು ಎಂದು ಬರೆಯಬೇಕಿಲ್ಲ, ಕಂಡದ್ದಷ್ಟೇ ಬರೆದರೆ ಸಾಕು ಎಂದು ಹೇಳಿ. ನನ್ನ ಜೊತೆಗಾರ ಹಾಗೇ ನಾಲ್ಕು ಸಾಲು ಬರೆದುಕೊಟ್ಟ. ಮೇಲ್ಮನವಿಯಲ್ಲಿ ನನ್ನನ್ನು ಉಳಿಸಿದ್ದರಲ್ಲಿ ಆ ನಾಲ್ಕು ಸಾಲಿನ ಪಾಲು ದೊಡ್ಡದು.

ಡಾಕ್ಟರ ಹತ್ತಿರ

ಅದೇ ದಿನ ಅಥವಾ ಮರುದಿನ ಹೋಗಿ. ಮೊದಲ ಮಾತಲ್ಲೇ ಇದು ಕೆಲಸದಲ್ಲಿ ಆದ ಗಾಯ, ಹೀಗಾಯಿತು ಎಂದು ಹೇಳಿ. ಅವರು ಬರೆದದ್ದನ್ನು ಓದಿ ನೋಡಿ. ಬಿಟ್ಟುಹೋಗಿದ್ದರೆ ಸೇರಿಸಿ ಎಂದು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ. ನಾವೂ ಆಸ್ಪತ್ರೆಯವರಾದ್ದರಿಂದ ಡಾಕ್ಟರ ಜೊತೆ ಸಲಿಗೆ ಇರುತ್ತದೆ, ಅರ್ಧ ಮಾತಲ್ಲಿ ಮುಗಿಸಿಬಿಡುತ್ತೇವೆ. ಕಾಗದಕ್ಕೆ ಅರ್ಧ ಮಾತು ಸಾಲದು.

ಹಳೆಯ ನೋವು ಇದ್ದರೆ ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಹಳೆಯ ಚೀಟಿಯಿಂದ ಹೊರಬಂದರೆ ನಿಮ್ಮ ನಿಜವಾದ ಮಾತನ್ನೂ ಯಾರೂ ನಂಬುವುದಿಲ್ಲ. ಬಹಳಷ್ಟು ಕಡೆ, ಮೊದಲೇ ಇದ್ದ ತೊಂದರೆ ಕೆಲಸದಿಂದ ಹೆಚ್ಚಾದರೆ ಆ ಹೆಚ್ಚಾದದ್ದಕ್ಕೂ ಪರಿಹಾರ ಇದೆ. ಹಾಗಾಗಿ ವ್ಯತ್ಯಾಸವನ್ನು ಬಿಡಿಸಿ ಹೇಳಿ. "ಮೊದಲು ವಾರಕ್ಕೊಮ್ಮೆ ಸಣ್ಣ ನೋವು ಬರುತ್ತಿತ್ತು, ಒಂದು ದಿನವೂ ಕೆಲಸ ತಪ್ಪಿಸಿರಲಿಲ್ಲ. ಇಂಥ ದಿನದ ನಂತರ ಹತ್ತು ನಿಮಿಷ ನಿಲ್ಲಲಾಗುತ್ತಿಲ್ಲ." ನಾನು ಅವತ್ತು ಹೇಳಬೇಕಾಗಿದ್ದ ಮಾತು ಇದು.

ಸೂಜಿ ಚುಚ್ಚಿದರೆ

ಇಲ್ಲಿ ಗಡಿಯಾರ ಬೇರೆ ವೇಗದಲ್ಲಿ ಓಡುತ್ತದೆ. ಚಲಿಸುವ ಗಾಡಿಯಲ್ಲಿ ರೋಗಿಯ ರಕ್ತನಾಳಕ್ಕೆ ಲೈನ್ ಹಾಕುವಾಗ ನನಗೂ ಒಮ್ಮೆ ಸೂಜಿ ಚುಚ್ಚಿತ್ತು. ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ. ಆಮೇಲೆ ತಡಮಾಡದೆ ವೈದ್ಯರ ಹತ್ತಿರ ಹೋಗಿ. ಎಚ್‌ಐವಿ ತಡೆಯುವ ಔಷಧ ಬೇಕೆಂದರೆ ಅದನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು. 28 ದಿನ ತೆಗೆದುಕೊಳ್ಳಬೇಕು. ಎಚ್‌ಐವಿ ಇರುವವರ ರಕ್ತ ತಾಗಿದ ಸೂಜಿ ಚುಚ್ಚಿದರೆ ಸೋಂಕು ತಗಲುವುದು ಸುಮಾರು 1000ದಲ್ಲಿ 3 ಸಲ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದವರಿಗೆ ಆ ಅಪಾಯ 100ರಲ್ಲಿ 6ರಿಂದ 30. ಎಷ್ಟು ದೊಡ್ಡ ಅಂತರ ನೋಡಿ. ಲಸಿಕೆಯ ಕಾರ್ಡ್ ಹುಡುಕಿ ಇಟ್ಟುಕೊಳ್ಳಿ.

ಪರಿಹಾರದ ದೃಷ್ಟಿಯಿಂದ ಅತಿ ಮುಖ್ಯವಾದದ್ದು ಮೊದಲ ರಕ್ತ ಪರೀಕ್ಷೆ. ಮೊದಲೇ ಸೋಂಕು ಇಲ್ಲದಿದ್ದರೆ, ಚುಚ್ಚಿದ ಕೂಡಲೇ ಮಾಡಿದ ಪರೀಕ್ಷೆ ನೆಗೆಟಿವ್ ಬರುತ್ತದೆ. ಆರು ವಾರ, ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಬಂದರೆ ಅದು ಈ ನಡುವೆ ಬಂದದ್ದು ಎಂದು ತೋರಿಸಬಹುದು. ಮೊದಲ ಪರೀಕ್ಷೆ ಮಾಡಿಸದಿದ್ದರೆ ಆ ದಾರಿಯೇ ಮುಚ್ಚುತ್ತದೆ. ನನಗೆ ಎಲ್ಲ ಪರೀಕ್ಷೆಯೂ ನೆಗೆಟಿವ್ ಬಂತು. ಆದರೆ ಆ ಮೂರು ತಿಂಗಳು ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳಲೂ ಹಿಂಜರಿದೆ. ಎತ್ತಿಕೊಂಡರೆ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಕೈ ಬರಲಿಲ್ಲ. ಆ ಕಾಲದ ಆತಂಕವನ್ನೂ ಡಾಕ್ಟರಿಗೆ ಹೇಳಿ ಬರೆಸಿ. ಕೆಲವು ಕಡೆ ಅದೂ ಲೆಕ್ಕಕ್ಕೆ ಬರುತ್ತದೆ.

ಯಾವ ದಾರಿ

ಎರಡು ದಾರಿ ಇವೆ. ಮೊದಲನೆಯದರಲ್ಲಿ ಯಾರ ತಪ್ಪು ಎಂದು ತೋರಿಸಬೇಕಿಲ್ಲ. ಗಾಯ ಕೆಲಸದಲ್ಲಿ, ಕೆಲಸದಿಂದ ಆಯಿತು ಎಂದರೆ ಸಾಕು. 1884ರಲ್ಲಿ ಜರ್ಮನಿಯಲ್ಲಿ ಬಂದ ಅಪಘಾತ ವಿಮೆಯ ಕಾನೂನು ಈ ದಾರಿ ತೆರೆಯಿತು, ಆಮೇಲೆ ಬೇರೆ ಬೇರೆ ದೇಶಗಳು ಅದನ್ನು ತಮ್ಮದಾಗಿ ಮಾಡಿಕೊಂಡವು. ಇದರಲ್ಲಿ ಚಿಕಿತ್ಸೆಯ ಖರ್ಚು, ರಜೆಯ ಕಾಲದ ಸಂಬಳದ ಒಂದು ಭಾಗ, ಶಾಶ್ವತ ಊನಕ್ಕೆ ಹಣ ಸಿಗುತ್ತದೆ. ಎರಡನೆಯದರಲ್ಲಿ ಮಾಲೀಕರ ಅಥವಾ ಬೇರೆಯವರ ಅಜಾಗರೂಕತೆಯನ್ನು ತೋರಿಸಬೇಕು. ಹೆಚ್ಚು ಕಷ್ಟ, ಹೆಚ್ಚು ಸಮಯ. ಗೆದ್ದರೆ ನೋವಿಗೂ, ಮುಂದೆ ಕಳೆದುಕೊಳ್ಳುವ ದುಡಿಮೆಗೂ ಹಣ ಸಿಗಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ದಾರಿಯ ಅರ್ಜಿಯನ್ನು ತಡಮಾಡದೆ ಹಾಕಿ. ಮನೆ ನಡೆಯಬೇಕಲ್ಲ. ಆದರೆ ಹಾಕುವ ಮೊದಲು ಒಂದು ವಿಷಯ ಕೇಳಿ ತಿಳಿದುಕೊಳ್ಳಿ: ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುತ್ತದೆಯೇ? ಗಾಡಿಗೆ ಲಾರಿ ಗುದ್ದಿ ಗಾಯವಾದಾಗ ಈ ಪ್ರಶ್ನೆ ನೇರ ಎದುರಾಗುತ್ತದೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 167ನೇ ಕಲಂ ಪ್ರಕಾರ ನೌಕರರ ಪರಿಹಾರ ಅಥವಾ ವಾಹನ ಅಪಘಾತದ ಪರಿಹಾರ, ಎರಡರಲ್ಲಿ ಒಂದನ್ನೇ ಕೇಳಬಹುದು. ಅಂಥ ಕಡೆ ಅವಸರದಲ್ಲಿ ಅರ್ಜಿ ಹಾಕಿ ಸಣ್ಣ ಮೊತ್ತಕ್ಕೆ ಸಿಕ್ಕಿಬೀಳಬೇಡಿ. ಮೊದಲು ವಕೀಲರನ್ನು ಒಮ್ಮೆ ಕಾಣಿ.

ಎರಡನೇ ದಾರಿಗೆ ಹೋದರೆ ತೂಕದ ಲೆಕ್ಕ ಇಟ್ಟುಕೊಳ್ಳಿ. ಕೆಲಸದ ಜಾಗದ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಎನ್ನುವ ಸಂಸ್ಥೆ ಭಾರ ಎತ್ತುವುದಕ್ಕೆ ಹಾಕಿದ ಸೂತ್ರದಲ್ಲಿ, ಎಲ್ಲವೂ ಅನುಕೂಲವಾಗಿದ್ದಾಗಲೂ ಮಿತಿ 23 ಕಿಲೋ. ಮೈಗೆ ಹತ್ತಿರ, ಸೊಂಟದ ಎತ್ತರದಲ್ಲಿ, ತಿರುಗದೆ ಎತ್ತಿದಾಗಿನ ಮಾತು ಅದು. 90 ಕಿಲೋದ ರೋಗಿಯನ್ನು ಇಬ್ಬರು ಹೊತ್ತರೆ ಒಬ್ಬೊಬ್ಬರಿಗೆ 45 ಕಿಲೋ, ಅದೂ ಮೆಟ್ಟಿಲ ತಿರುವಿನಲ್ಲಿ. ಹೆಚ್ಚಿನ ಜನ ಬೇಕು ಎಂದು ಕಂಟ್ರೋಲ್ ರೂಮಿಗೆ ಕೇಳಿದ್ದಿರಾ? ಏನು ಉತ್ತರ ಬಂತು? ಆ ಮಾತುಕತೆ ರೆಕಾರ್ಡ್ ಆಗಿರುತ್ತದೆ, ಕೇಳಿ ಪಡೆಯಿರಿ. ಬ್ರಿಟನ್ನಿನ 1992ರ ನಿಯಮಗಳು ಅಪಾಯದ ಭಾರ ಎತ್ತುವುದನ್ನು ಆದಷ್ಟು ತಪ್ಪಿಸಬೇಕು, ತಪ್ಪಿಸಲಾಗದಿದ್ದರೆ ಅಪಾಯ ಅಳೆದು ತಗ್ಗಿಸಬೇಕು ಎಂದು ಮಾಲೀಕರಿಗೆ ಹೇಳುತ್ತವೆ. ನಿಮ್ಮ ದೇಶದಲ್ಲೂ ಇಂಥ ನಿಯಮ ಇದೆಯೇ ಎಂದು ನೋಡಿ. ತರಬೇತಿ ಯಾವಾಗ ಕೊಟ್ಟರು ಎನ್ನುವ ದಾಖಲೆಯನ್ನೂ ಕೇಳಿ.

ರೋಗಿಯೋ ಅವರ ಕಡೆಯವರೋ ಹೊಡೆದಿದ್ದರೆ ಪೊಲೀಸರಿಗೆ ದೂರು ಕೊಡಿ. "ಪಾಪ, ದುಃಖದಲ್ಲಿದ್ದರು" ಎಂದು ನಾವು ಬಿಟ್ಟುಬಿಡುತ್ತೇವೆ. ನಾನೂ ಬಿಟ್ಟಿದ್ದೇನೆ. ಆದರೆ ಅಪರಾಧಕ್ಕೆ ಒಳಗಾದವರಿಗೆ ಸರಕಾರ ಕೊಡುವ ಪರಿಹಾರ ಇರುವ ದೇಶಗಳಲ್ಲಿ ಪೊಲೀಸ್ ದೂರಿಲ್ಲದೆ ಅರ್ಜಿ ನಿಲ್ಲುವುದು ಕಷ್ಟ.

ಗಡುವಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಅಜಾಗರೂಕತೆಯ ದಾವೆಗೆ ಸಾಮಾನ್ಯವಾಗಿ 3 ವರ್ಷ. ಭಾರತದಲ್ಲಿ 1923ರ ಕಾಯ್ದೆ ನೌಕರರ ಪರಿಹಾರದ ಅರ್ಜಿಗೆ 2 ವರ್ಷ ಕೊಟ್ಟಿತ್ತು, ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಷ್ಟೇ. ವಾಹನ ಅಪಘಾತದ ಅರ್ಜಿಗೆ ಅಲ್ಲಿ 2019ರ ತಿದ್ದುಪಡಿ 6 ತಿಂಗಳ ಮಿತಿ ತಂದಿದೆ. ಒಂದೇ ಗಾಯಕ್ಕೆ ಎರಡು ಗಡುವು ಇರಬಹುದು ಎನ್ನುವುದಕ್ಕೆ ಇದೇ ಉದಾಹರಣೆ. ಮಾಲೀಕರಿಗೆ ತಿಳಿಸುವ ಗಡುವು ಬೇರೆಯೇ ಇರುತ್ತದೆ, ಅದು ಕೆಲವೇ ದಿನವೂ ಆಗಿರಬಹುದು. ಗೊತ್ತಾದ ದಿನವೇ ಫೋನಿನ ಕ್ಯಾಲೆಂಡರಿನಲ್ಲಿ ಹಾಕಿ.

ಮನಸ್ಸಿನ ಗಾಯ

ಇದರ ಅರ್ಜಿ ಬರೆಸುವಾಗ ನನಗೆ ಪ್ರತಿ ಸಲ ಹೆಚ್ಚು ಸಮಯ ಬೇಕಾಗುತ್ತದೆ. ಸೊಂಟಕ್ಕೆ ಒಂದು ಮೆಟ್ಟಿಲು, ಒಂದು ರಾತ್ರಿ ಇರುತ್ತದೆ. ಮನಸ್ಸಿಗೆ ಹಾಗಲ್ಲ. ಹತ್ತು ವರ್ಷದ ಕರೆಗಳು ಒಂದರ ಮೇಲೊಂದು ಕೂತಿರುತ್ತವೆ. ಒಬ್ಬ ಸಹೋದ್ಯೋಗಿಗೆ ಸೈರನ್ ಕೇಳಿದರೆ ಬೆವರು ಬರುತ್ತಿತ್ತು. ಅದು ಕಾಯಿಲೆ ಎಂದು ಒಪ್ಪಲು ಅವಳಿಗೆ ಒಂದು ವರ್ಷ ಬೇಕಾಯಿತು. ಅರ್ಜಿಗೆ ಕೂತಾಗ ನಾವು ಮಾಡಿದ್ದು ಇಷ್ಟು. ನಿದ್ದೆಯಲ್ಲಿ ಮತ್ತೆ ಮತ್ತೆ ಬರುವ ಕರೆಗಳು ಯಾವುವು ಎಂದು ಕೇಳಿದೆ. ನಾಲ್ಕು ಹೇಳಿದಳು. ನಾಲ್ಕರದ್ದೂ ದಿನಾಂಕ, ಕರೆಯ ನಂಬರ್ ಹುಡುಕಿದೆವು. ಮೊದಲನೆಯದರ ನಂತರ ಏನು ಬದಲಾಯಿತು, ಕೊನೆಯದರ ನಂತರ ಏನಾಯಿತು, ಯಾವ ದಿನದಿಂದ ರಜೆ ಹಾಕಿದಳು ಎಂದು ಬರೆದೆವು. ಮನೋವೈದ್ಯರ ವರದಿಯಲ್ಲಿ ಕಾಯಿಲೆಯ ಹೆಸರು ಮತ್ತು ಆ ಕರೆಗಳಿಗೂ ಅದಕ್ಕೂ ಇರುವ ಸಂಬಂಧ, ಎರಡೂ ಇರಬೇಕು. ಬರೀ "ಒತ್ತಡ" ಎಂದರೆ ಅರ್ಜಿ ನಿಲ್ಲುವುದಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲಿ ಪರಿಷ್ಕರಿಸಿದ ಕೆಲಸದ ಕಾಯಿಲೆಗಳ ಪಟ್ಟಿಯಲ್ಲಿ ಪಿಟಿಎಸ್‌ಡಿ, ಅಂದರೆ ಭೀಕರ ಘಟನೆ ಕಂಡ ಮೇಲೆ ಮನಸ್ಸಿನಲ್ಲಿ ಉಳಿಯುವ ಆಘಾತದ ಕಾಯಿಲೆ, ಸೇರಿದೆ. ಕೆನಡಾದ ಒಂಟಾರಿಯೊದಲ್ಲಿ 2016ರ ಕಾನೂನು ಇನ್ನೂ ಮುಂದೆ ಹೋಗಿದೆ. ಪ್ಯಾರಾಮೆಡಿಕ್‌ಗೆ, ಅಂದರೆ ಆಂಬುಲೆನ್ಸಿನಲ್ಲಿ ಚಿಕಿತ್ಸೆ ಕೊಡುವವರಿಗೆ, ಪಿಟಿಎಸ್‌ಡಿ ಬಂದರೆ ಅದು ಕೆಲಸದಿಂದಲೇ ಬಂದದ್ದು ಎಂದು ಮೊದಲೇ ಒಪ್ಪಿಕೊಳ್ಳುತ್ತಾರೆ. ಅಲ್ಲ ಎನ್ನುವವರು ಅದನ್ನು ತೋರಿಸಬೇಕು. ಎಲ್ಲ ಕಡೆ ಹೀಗೆ ಆಗಬೇಕು ಎನ್ನುವುದು ನನ್ನ ಆಸೆ.

ಹಣದ ಲೆಕ್ಕ

ಗಾಯಕ್ಕೆ ಮುಂಚಿನ ಹನ್ನೆರಡು ತಿಂಗಳ ಸಂಬಳದ ಚೀಟಿ ಒಟ್ಟು ಮಾಡಿ. ಮೂಲ ಸಂಬಳವೊಂದನ್ನೇ ಹಿಡಿದು ಲೆಕ್ಕ ಹಾಕಿಬಿಡುತ್ತಾರೆ. ರಾತ್ರಿ ಪಾಳಿಯ ಭತ್ಯೆ, ಓವರ್‌ಟೈಮ್, ಹಬ್ಬದ ದಿನದ ಕೂಲಿ ನಿಮ್ಮ ಕಡೆಯ ಕಾನೂನಿನಲ್ಲಿ ಸೇರುತ್ತವೆಯೇ ಎಂದು ಕೇಳಿ. ನಮ್ಮ ಕೆಲಸದಲ್ಲಿ ಅವು ಸಣ್ಣ ಮೊತ್ತವಲ್ಲ. ಆಸ್ಪತ್ರೆಗೆ ಹೋಗಿಬಂದ ಪ್ರಯಾಣದ ಖರ್ಚು, ಸೊಂಟದ ಪಟ್ಟಿ, ಫಿಸಿಯೋ, ಎಲ್ಲದರ ರಸೀದಿ ಒಂದೇ ಲಕೋಟೆಯಲ್ಲಿ ಹಾಕುತ್ತಾ ಹೋಗಿ.

ಊನದ ಪ್ರಮಾಣದಲ್ಲಿ ಒಂದು ಸೂಕ್ಷ್ಮ ಇದೆ. ದೇಹಕ್ಕೆ ಎಷ್ಟು ಊನ ಎನ್ನುವುದು ಒಂದು, ದುಡಿಮೆಗೆ ಎಷ್ಟು ಏಟು ಎನ್ನುವುದು ಇನ್ನೊಂದು. ಭಾರತದ ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡರೆ ದೇಹದ ಊನ ಸುಮಾರು 60 ಶೇಕಡ ಇರಬಹುದು. ಆದರೆ ಆತ ಚಾಲಕನೋ ಬಡಗಿಯೋ ಆಗಿದ್ದರೆ ದುಡಿಮೆಯ ನಷ್ಟ ಬಹುಪಾಲು ಪೂರ್ತಿ. ಗುಮಾಸ್ತನಾಗಿದ್ದರೆ ಹಾಗಲ್ಲ. ನಮ್ಮ ಕೆಲಸಕ್ಕೂ ಇದು ಹೊಂದುತ್ತದೆ. ಮೇಜಿನ ಮುಂದೆ ಕೂರುವವರಿಗೆ ಸಣ್ಣದಾದ ಸೊಂಟದ ಊನ ಸ್ಟ್ರೆಚರ್ ಎತ್ತುವವರ ಕೆಲಸವನ್ನೇ ಮುಗಿಸಬಹುದು. ಆದ್ದರಿಂದ ವೈದ್ಯರ ವರದಿಯಲ್ಲಿ ಶೇಕಡಾವಾರು ಅಂಕಿಯ ಜೊತೆ "ಭಾರ ಎತ್ತುವ ಕೆಲಸ ಮಾಡಲಾಗದು" ಎನ್ನುವಂಥ ವಾಕ್ಯವೂ ಇರಲಿ. ಅದು ನಿಜವಾಗಿದ್ದರೆ ಬರೆಯಲು ಅವರು ಹಿಂಜರಿಯುವುದಿಲ್ಲ.

ಗುತ್ತಿಗೆಯಲ್ಲಿ ದುಡಿಯುವವರು "ನಮಗೆ ಇದೆಲ್ಲ ಇಲ್ಲ" ಎಂದುಕೊಂಡು ಸುಮ್ಮನಿರುತ್ತಾರೆ. ಹಾಗಲ್ಲ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಕೊಟ್ಟ ಮೂಲ ಸಂಸ್ಥೆಯಿಂದ ಕೇಳುವ ಅವಕಾಶ ಎಷ್ಟೋ ಕಾನೂನುಗಳಲ್ಲಿದೆ. ಅರ್ಜಿಯಲ್ಲಿ ಇಬ್ಬರ ಹೆಸರನ್ನೂ ಹಾಕಿ.

ತಿರಸ್ಕಾರ ಬಂದರೆ

ಪತ್ರವನ್ನು ಎರಡು ಸಲ ಓದಿ. ಕಾರಣ ಏನೆಂದು ಗುರುತು ಮಾಡಿ. ನಾನು ನೋಡಿದ ತಿರಸ್ಕಾರಗಳಲ್ಲಿ ಹೆಚ್ಚಿನವು ಮೂರೇ ಬಗೆಯವು: ತಡವಾಗಿ ತಿಳಿಸಿದಿರಿ, ನೋವು ಹಳೆಯದು, ಆಗ ನೀವು ಕೆಲಸದಲ್ಲಿ ಇರಲಿಲ್ಲ. ಎಷ್ಟು ಅನ್ಯಾಯವಾಯಿತು ಎಂದು ಪುಟಗಟ್ಟಲೆ ಬರೆಯಲು ಕೈ ತುಡಿಯುತ್ತದೆ. ನಾನೂ ಮೊದಲು ಆರು ಪುಟ ಬರೆದೆ. ಆಮೇಲೆ ಅದನ್ನು ಬದಿಗಿಟ್ಟು, ಅವರ ಒಂದು ಸಾಲಿಗೆ ಉತ್ತರ ಕೊಡುವ ಕಾಗದಗಳನ್ನಷ್ಟೇ ಹುಡುಕಿದೆ. ಹಿಂದಿನ ಮೂರು ವರ್ಷದ ಹಾಜರಿ ಪುಸ್ತಕ, ಅದರಲ್ಲಿ ಬೆನ್ನಿಗಾಗಿ ಒಂದು ರಜೆಯೂ ಇಲ್ಲ. ಜೊತೆಗಾರನ ನಾಲ್ಕು ಸಾಲು. ಕಂಟ್ರೋಲ್ ರೂಮಿನ ದಾಖಲೆ, ಅದರಲ್ಲಿ ಸ್ಥಳದಿಂದ ಹೊರಡಲು ಮಾಮೂಲಿಗಿಂತ ಹದಿನೆಂಟು ನಿಮಿಷ ಜಾಸ್ತಿ ಹಿಡಿದದ್ದು. ಮೂಳೆ ವೈದ್ಯರ ಹೊಸ ವರದಿ. ನಾಲ್ಕು ಕಾಗದ, ಒಂದು ಪುಟದ ಪತ್ರ. ಅದು ನಿಂತಿತು.

ಒಪ್ಪಂದದ ಕಾಗದ ಮುಂದಿಟ್ಟರೆ ಅಲ್ಲೇ ಸಹಿ ಹಾಕಬೇಡಿ. ಮನೆಗೆ ತನ್ನಿ. "ಪೂರ್ಣ ಮತ್ತು ಅಂತಿಮ" ಎಂದು ಇದ್ದರೆ, ಮುಂದೆ ಶಸ್ತ್ರಚಿಕಿತ್ಸೆ ಬೇಕಾದರೆ ಅದರ ಖರ್ಚು ಯಾರದ್ದು ಎಂದು ಬರೆದು ಕೇಳಿ, ಬರೆದ ಉತ್ತರವನ್ನೇ ಪಡೆಯಿರಿ. ನನ್ನ ಮುಂದೆ ಆ ಕಾಗದ ಬಂದಾಗ ನಾನು ಹೀಗೆ ಕೇಳಿದೆ. ಹನ್ನೊಂದು ದಿನ ಬಿಟ್ಟು ಉತ್ತರ ಬಂತು, ಎರಡು ವರ್ಷದ ಚಿಕಿತ್ಸೆಯ ಖರ್ಚನ್ನು ಸೇರಿಸಿ ಹೊಸ ಕಾಗದ ಕಳಿಸಿದ್ದರು.